ಮಿದುಳಿನ ಅಲೆಗಳನ್ನು ಓದುವ ಯಂತ್ರ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರ ಗಮನಕ್ಕೆ ಒಂದು ಸಂಗತಿ ಬಂದಿರಬಹುದು. ನೂಲು ಬಿಚ್ಚುವ ಕಸಬಿನವನು ಗೂಡಿನ ರಾಶಿಗೆ ಕೈಯಿಟ್ಟು ಒಂದು ಹಿಡಿಯನ್ನು ಎತ್ತುತ್ತಾನೆ. ಅಂಗೈಯಲ್ಲಿ ಹೊರಳಿಸಿ ನೋಡುತ್ತಾನೆ. ಒಂದೆರಡನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾನೆ. ಎರಡು ಹುಳು ಸೇರಿ ಹೆಣೆದ ಗೂಡು ಯಾವುದು, ಕಲೆ ಬಿದ್ದದ್ದು ಯಾವುದು, ಒಳಗೆ ಹುಳು ಸತ್ತು ಅಂಟಿಕೊಂಡದ್ದು ಯಾವುದು ಎಂಬುದು ಅವನಿಗೆ ಕ್ಷಣದಲ್ಲಿ ತಿಳಿಯುತ್ತದೆ. ಈ ವಿದ್ಯೆಯನ್ನು ಅವನು ಯಾವ ಪುಸ್ತಕದಿಂದಲೂ ಕಲಿತವನಲ್ಲ. ಸಾವಿರಾರು ಗೂಡುಗಳನ್ನು ನೋಡಿ, ತಪ್ಪಿದಾಗಲೆಲ್ಲ ಹಿರಿಯರಿಂದ ತಿದ್ದಿಸಿಕೊಂಡು, ಅವನ ಕಣ್ಣು ಪಳಗಿದೆ.

ಪ್ರಕೃತ ಲೇಖನದ ವಿಷಯ ರೇಷ್ಮೆಯಲ್ಲ, ಮಿದುಳು. ಅಪಸ್ಮಾರವುಳ್ಳವರ ಮಿದುಳಿನ ಅಲೆಗಳಲ್ಲಿ ಆ ರೋಗದ ಕುರುಹುಗಳನ್ನು ಹುಡುಕುವುದನ್ನು ಇಂದು ಗಣಕಯಂತ್ರಗಳಿಗೆ ಕಲಿಸಲಾಗುತ್ತಿದೆ. ಕಲಿಸುವ ಕ್ರಮವಾದರೋ ಗೂಡು ನೋಡುವವನ ಕಣ್ಣು ಪಳಗುವ ಕ್ರಮವನ್ನೇ ಬಹುಮಟ್ಟಿಗೆ ಹೋಲುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆಯೆಂದು ಹೆಸರು. ಅದು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ವಿದ್ಯಾರ್ಥಿಗಳು ವಿವೇಚಿಸಿ ನೋಡಬೇಕು.

ಅಪಸ್ಮಾರವೆಂದರೇನು?

ಮೂರ್ಛೆರೋಗ, ಫಿಟ್ಸ್ ಎಂದು ಜನ ಕರೆಯುವ ಈ ರೋಗ ಮಿದುಳಿಗೆ ಸಂಬಂಧಿಸಿದುದು. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಒಂದರೊಡನೊಂದು ವ್ಯವಹರಿಸುತ್ತವೆ. ಸಂತೆಯಲ್ಲಿ ಸಾವಿರ ಮಂದಿ ತಮ್ಮ ತಮ್ಮ ಮಾತನ್ನು ಆಡುತ್ತಿರುವಾಗ ಕೇಳಿಬರುವುದು ಒಂದು ಸಾಮಾನ್ಯ ಗದ್ದಲ ಮಾತ್ರ. ಅವರೆಲ್ಲರೂ ಏಕಕಾಲಕ್ಕೆ ಒಂದೇ ಕೂಗನ್ನು ಮತ್ತೆ ಮತ್ತೆ ಕೂಗತೊಡಗಿದರೆ ಸಂತೆಯ ವ್ಯವಹಾರವೇ ನಿಂತುಹೋಗುತ್ತದೆ. ನರಕೋಶಗಳ ದೊಡ್ಡ ಗುಂಪೊಂದು ಹೀಗೆ ಹದ್ದುಮೀರಿ ಒಟ್ಟಿಗೆ ವಿದ್ಯುತ್ತನ್ನು ಹೊಮ್ಮಿಸಿದಾಗ ಸೆಳವು ಉಂಟಾಗುತ್ತದೆ. ಕೆಲವರು ಬಿದ್ದು ಕೈಕಾಲು ಸೆಟೆದು ಒದ್ದಾಡುತ್ತಾರೆ. ಕೆಲವು ಮಕ್ಕಳು ಕೆಲವೇ ಸೆಕೆಂಡುಗಳ ಕಾಲ ಶೂನ್ಯದೃಷ್ಟಿಯಿಂದ ನೋಡುತ್ತ ನಿಂತುಬಿಡುತ್ತಾರೆ. ಉಪಾಧ್ಯಾಯರು ಅದನ್ನು ಅಲಕ್ಷ್ಯವೆಂದು ಭಾವಿಸಿ ಗದರಿಸುವುದೂ ಉಂಟು.

ತಲೆಗೆ ಬಿದ್ದ ಪೆಟ್ಟು, ಹೆರಿಗೆಯ ಕಾಲದಲ್ಲಿ ಮಗುವಿಗೆ ಆದ ತೊಂದರೆ, ಮಿದುಳಿನ ಸೋಂಕು, ಮಿದುಳನ್ನು ಸೇರಿದ ಲಾಡಿಹುಳುವಿನ ಮರಿ, ಅನುವಂಶಿಕತೆ ಇವು ಕಾರಣಗಳಲ್ಲಿ ಕೆಲವು. ಎಷ್ಟೋ ಸಲ ಕಾರಣವೇ ಗೊತ್ತಾಗುವುದಿಲ್ಲ. ಆದರೆ ಇದು ಗಾಳಿ ಸೋಕಿ ಬಂದುದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಸರಿಯಾದ ಔಷಧ ದೊರೆತರೆ ನೂರು ರೋಗಿಗಳಲ್ಲಿ ಎಪ್ಪತ್ತು ಮಂದಿಯವರೆಗೆ ಸೆಳವಿಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ.

ನಮ್ಮ ಸೀಮೆಯ ಲೆಕ್ಕವೇನು? 1993ರಿಂದ 1995ರವರೆಗೆ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯವರು, ಅಂದರೆ ನಿಮ್ಹಾನ್ಸಿನವರು, ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ 1,02,557 ಮಂದಿಯ ಸಮೀಕ್ಷೆ ನಡೆಸಿದರು. ನಗರದಲ್ಲಿ ಸಾವಿರಕ್ಕೆ 5.7 ಮಂದಿಗೆ ಅಪಸ್ಮಾರವಿದ್ದರೆ ಹಳ್ಳಿಗಳಲ್ಲಿ 11.9 ಮಂದಿಗೆ ಇದ್ದಿತು. ಅಂದರೆ ಸರಿಸುಮಾರು ಇಮ್ಮಡಿ. ಆ ಕಾಲಕ್ಕೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದುವು. ಈ ಪ್ರಮಾಣವನ್ನೇ ಹಿಡಿದು ಎಣಿಸಿದರೆ, ಎರಡು ಸಾವಿರ ಜನರಿರುವ ಹಳ್ಳಿಯೊಂದರಲ್ಲಿ ಇಪ್ಪತ್ತುನಾಲ್ಕು ಮಂದಿ ರೋಗಿಗಳಿರಬೇಕು. ಆದರೆ ಊರಿನವರನ್ನು ಕೇಳಿದರೆ ಇಬ್ಬರು ಮೂವರ ಹೆಸರು ಹೇಳಿಯಾರು. ಮಿಕ್ಕವರು ಮನೆಯೊಳಗೆ ಮರೆಯಾಗಿರುತ್ತಾರೆ.

ಮಿದುಳಿನ ವಿದ್ಯುಲ್ಲೇಖ

1924ರಲ್ಲಿ ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಮೊತ್ತಮೊದಲು ದಾಖಲೆ ಮಾಡಿದನು. ಐದು ವರ್ಷ ಪರೀಕ್ಷಿಸಿದ ಮೇಲೆ, 1929ರಲ್ಲಿ, ಅದನ್ನು ಪ್ರಕಟಿಸಿದನು. 1935ರಲ್ಲಿ ಅಮೆರಿಕದ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬ ಮೂವರು, ಶೂನ್ಯದೃಷ್ಟಿಯ ಸೆಳವುಳ್ಳ ಮಕ್ಕಳಲ್ಲಿ ಸೆಕೆಂಡಿಗೆ ಮೂರರಂತೆ ಮರುಕಳಿಸುವ ವಿಶಿಷ್ಟವಾದ ಅಲೆಯೊಂದನ್ನು ವರ್ಣಿಸಿದರು. ಅಲ್ಲಿಂದ ಮುಂದೆ ಈ ದಾಖಲೆ ಅಪಸ್ಮಾರದ ಪರೀಕ್ಷೆಯಲ್ಲಿ ಪ್ರಮುಖ ಸಾಧನವಾಯಿತು. ಇದನ್ನೇ ಆಸ್ಪತ್ರೆಗಳಲ್ಲಿ ಇಇಜಿ ಎನ್ನುವುದು. ಮಿದುಳಿನ ವಿದ್ಯುಲ್ಲೇಖವೆಂದು ನಾವು ಕರೆಯಬಹುದು.

ಪರೀಕ್ಷೆಯಲ್ಲಿ ನೋವಿಲ್ಲ. ವಿದ್ಯುದಗ್ರಗಳೆಂಬ ಪುಟ್ಟ ಲೋಹದ ಬಿಲ್ಲೆಗಳನ್ನು ನೆತ್ತಿಯ ಚರ್ಮಕ್ಕೆ ಗೊತ್ತಾದ ಸ್ಥಳಗಳಲ್ಲಿ ಅಂಟಿಸುತ್ತಾರೆ. ಯಂತ್ರ ದೇಹಕ್ಕೆ ವಿದ್ಯುತ್ತನ್ನು ಕೊಡುವುದಿಲ್ಲ. ಅಲ್ಲಿ ಇರುವುದನ್ನು ಅಳೆಯುತ್ತದೆ. ಆ ವಿದ್ಯುತ್ತು ಎಷ್ಟು ಅಲ್ಪವೆಂದರೆ, ಟಾರ್ಚಿನ ಒಂದು ಸೆಲ್ಲಿನ ಒಂದೂವರೆ ವೋಲ್ಟನ್ನು ಮೂವತ್ತು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲು, ಅಂದರೆ 50 ಮೈಕ್ರೊವೋಲ್ಟ್, ಇಲ್ಲಿ ಸಾಮಾನ್ಯವಾದ ಅಳತೆ.

ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿರುವ ಆರೋಗ್ಯವಂತನ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏಳುಬೀಳುವ ಅಲೆ ಕಾಣುತ್ತದೆ. ಅಪಸ್ಮಾರವುಳ್ಳವರಲ್ಲಿ, ಸೆಳವು ಇಲ್ಲದ ವೇಳೆಯಲ್ಲೂ, ನಡುನಡುವೆ ಚೂಪಾದ ಮೊನೆಯೊಂದು ಹಿನ್ನೆಲೆಯಿಂದ ಥಟ್ಟನೆ ಮೇಲೆದ್ದು ಕಾಣಬಹುದು. ಅದರ ಕಾಲಾವಧಿ ಸೆಕೆಂಡಿನ ಸಾವಿರದ 20ರಿಂದ 70 ಭಾಗ. ಅನೇಕ ವೇಳೆ ಅದರ ಹಿಂದೆಯೇ ನಿಧಾನವಾದ ಅಲೆಯೊಂದು ಬರುತ್ತದೆ. ಇದಕ್ಕೆ ಸ್ಪೈಕ್ ಎಂದು ಹೆಸರು. ನಾವು ಮುಳ್ಳಲೆ ಎನ್ನೋಣ.

ಈ ಮುಳ್ಳಲೆಗಳನ್ನು ಹುಡುಕುವುದು ಬೇಸರದ ಕೆಲಸ. ಹತ್ತು ಸೆಕೆಂಡಿನ ದಾಖಲೆಗೆ ಒಂದು ಪುಟದಂತೆ, ಇಪ್ಪತ್ತು ನಿಮಿಷಕ್ಕೆ 120 ಪುಟಗಳಾಗುತ್ತವೆ. ಒಂದು ಹಗಲು ಒಂದು ರಾತ್ರಿ ದಾಖಲೆ ಮಾಡಿದರೆ 8,640 ಪುಟ. ಅಷ್ಟರಲ್ಲಿ ಮುಳ್ಳಲೆ ಕಾಣುವುದು ಎರಡೋ ಮೂರೋ ಪುಟಗಳಲ್ಲಿರಬಹುದು. ಇದನ್ನು ಓದಬಲ್ಲ ನರತಜ್ಞರು ದೊಡ್ಡ ನಗರಗಳಲ್ಲಿದ್ದಾರೆಯೇ ಹೊರತು ತಾಲ್ಲೂಕು ಕೇಂದ್ರಗಳಲ್ಲಿ ವಿರಳ. ಯಂತ್ರದ ನೆರವು ಬೇಕಾದುದು ಇಲ್ಲಿಯೇ.

ನಿಯಮದಿಂದ ಉದಾಹರಣೆಗೆ

ಯಂತ್ರಕ್ಕೆ ಮುಳ್ಳಲೆಯನ್ನು ಗುರುತಿಸಲು ಹೇಳಿಕೊಡುವ ಪ್ರಯತ್ನ ಹೊಸದಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಜೀನ್ ಗೋಟ್ಮನ್ ಮತ್ತು ಪಿಯರ್ ಗ್ಲೂರ್ ಎಂಬವರು 1976ರಲ್ಲಿಯೇ ಅಂಥ ವಿಧಾನವನ್ನು ಪ್ರಕಟಿಸಿದ್ದರು. ಅವರದು ನಿಯಮದ ಮಾರ್ಗ: ಅಲೆಯ ಎತ್ತರ ಇಷ್ಟಿರಬೇಕು, ಅವಧಿ ಇಷ್ಟಿರಬೇಕು, ಮೊನೆ ಇಷ್ಟು ಚೂಪಾಗಿರಬೇಕು ಎಂದು ಅಳತೆಗಳನ್ನು ಮೊದಲೇ ಗೊತ್ತುಮಾಡಿ ಕೊಡುವುದು. ತೊಂದರೆಯೆಂದರೆ, ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ, ಬಿಲ್ಲೆ ಸಡಿಲವಾದರೆ ಕೂಡ ಚೂಪಾದ ಗೆರೆಗಳೇಳುತ್ತವೆ. ನಿದ್ರೆಯಲ್ಲಿ ಆರೋಗ್ಯವಂತರಿಗೂ ಚೂಪು ಅಲೆಗಳು ಬರುತ್ತವೆ. ನಿಯಮಕ್ಕೆ ಅವೆಲ್ಲ ಒಂದೇ.

ಈಗಿನದು ಉದಾಹರಣೆಯ ಮಾರ್ಗ. ದಾಖಲೆಯನ್ನು ಮೊದಲು ಅಂಕಿಗಳಾಗಿ ಪರಿವರ್ತಿಸುತ್ತಾರೆ. ಸೆಕೆಂಡಿಗೆ 256 ಅಳತೆಗಳಂತೆ 19 ಬಿಲ್ಲೆಗಳಿಂದ ಇಪ್ಪತ್ತು ನಿಮಿಷ ದಾಖಲೆ ಮಾಡಿದರೆ ದೊರೆಯುವ ಅಂಕಿಗಳು 58,36,800. ಇವುಗಳ ಮೇಲೆ ಯಂತ್ರ ಒಂದು ಪುಟ್ಟ ಕಿಟಕಿಯನ್ನು ಸರಿಸುತ್ತ ಹೋಗಿ, ಪ್ರತಿಯೊಂದು ತುಣುಕಿಗೂ ಸೊನ್ನೆಯಿಂದ ಒಂದರವರೆಗಿನ ಒಂದು ಅಂಕವನ್ನು ಕೊಡುತ್ತದೆ. ಒಂದಕ್ಕೆ ಹತ್ತಿರವಿದ್ದರೆ ಮುಳ್ಳಲೆಯಿರುವ ಸಂಭವ ಹೆಚ್ಚು. ಪ್ರಾರಂಭದಲ್ಲಿ ಅದು ಕೊಡುವುದು ಬರಿಯ ಊಹೆ. ಅದೇ ತುಣುಕನ್ನು ತಜ್ಞನು ನೋಡಿ ಗುರುತು ಹಾಕಿರುತ್ತಾನಷ್ಟೆ. ಅದರೊಡನೆ ಹೋಲಿಸಿ, ತಪ್ಪು ಎಷ್ಟಾಯಿತೋ ಅದಕ್ಕೆ ತಕ್ಕಂತೆ ಯಂತ್ರ ತನ್ನೊಳಗಿನ ಲಕ್ಷಾಂತರ ಗುಣಕಗಳನ್ನು ಅಷ್ಟಷ್ಟೇ ತಿದ್ದಿಕೊಳ್ಳುತ್ತದೆ. ಹೀಗೆ ಲಕ್ಷಗಟ್ಟಲೆ ಸಲ ನಡೆದ ಮೇಲೆ, ಯಾರೂ ನಿಯಮ ಹೇಳಿಕೊಡದಿದ್ದರೂ ಅದು ಮುಳ್ಳಲೆಯನ್ನು ಬೇರ್ಪಡಿಸಬಲ್ಲುದಾಗುತ್ತದೆ. ಮಾರುಕಟ್ಟೆಯಲ್ಲಿ ಹಿರಿಯರು ತಿದ್ದಿದ ಕಣ್ಣಿನ ಕಥೆಯೇ ಇದು.

2023ರಲ್ಲಿ ಪ್ರಕಟವಾದ ಸ್ಕೋರ್-ಎಐ ಎಂಬ ಯಂತ್ರವಿಧಾನವನ್ನು ರೂಪಿಸಲು, 17 ತಜ್ಞರು ಓದಿ ಗುರುತು ಹಾಕಿದ್ದ 30,493 ದಾಖಲೆಗಳನ್ನು ಬಳಸಲಾಯಿತು. ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೃಷಿಕೇಶದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಡನೆ ಸೇರಿ, 88 ಮಂದಿಯ ದಾಖಲೆಗಳನ್ನು ಆಧರಿಸಿ, ಅಪಸ್ಮಾರವನ್ನೂ ಅದರ ಬಗೆಯನ್ನೂ ಗುರುತಿಸುವ ಒಂದು ಗಣನವಿಧಾನವನ್ನು 2022ರಲ್ಲಿ ಮುಂದಿಟ್ಟರು.

ಯಂತ್ರ ಎಡವುವ ಎಡೆಗಳು

ಮೊದಲನೆಯದಾಗಿ, ಗುರುವಿಗಿಂತ ಶಿಷ್ಯ ಹೆಚ್ಚಿನವನಾಗುವುದು ಇಲ್ಲಿ ಕಷ್ಟ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮುಳ್ಳಲೆಯೆಂದು ಸಂದೇಹಿಸಬಹುದಾದ 13,262 ಅಲೆಗಳನ್ನು 8 ತಜ್ಞರಿಗೆ ತೋರಿಸಲಾಯಿತು. ಅನೇಕ ಅಲೆಗಳ ವಿಷಯದಲ್ಲಿ ಅವರ ಅಭಿಪ್ರಾಯಗಳು ಭಿನ್ನವಾದುವು. ತಜ್ಞರಲ್ಲಿಯೇ ಒಮ್ಮತವಿಲ್ಲದ ಕಡೆ ಯಂತ್ರಕ್ಕೆ ಸರಿಯುತ್ತರವೆಂದು ಕಲಿಸುವುದು ಯಾವುದನ್ನು?

ಎರಡನೆಯದಾಗಿ, ಯಂತ್ರ ಪರೀಕ್ಷೆಯಲ್ಲಿ ಪಡೆದ ಅಂಕವನ್ನು ಎಚ್ಚರದಿಂದ ನೋಡಬೇಕು. ಪಾಠ ಕಲಿಸುವಾಗ ತೋರಿಸಿದ ರೋಗಿಯ ದಾಖಲೆಯ ಇನ್ನೊಂದು ತುಂಡನ್ನೇ ಪರೀಕ್ಷೆಯಲ್ಲಿಯೂ ಕೊಟ್ಟರೆ, ಪ್ರಶ್ನೆಪತ್ರಿಕೆ ಮೊದಲೇ ಬಯಲಾದಂತೆ. ಕಂಡರಿಯದ ರೋಗಿಗಳ, ಸಾಧ್ಯವಾದರೆ ಬೇರೊಂದು ಆಸ್ಪತ್ರೆಯ, ದಾಖಲೆಗಳಿಂದ ಪರೀಕ್ಷಿಸಿದ್ದೇ ನಿಜವಾದ ಪರೀಕ್ಷೆ.

ಮೂರನೆಯದು ಬಹು ಮುಖ್ಯವಾದುದು. ದ್ವಿತಳಿಯ ಬಿಳಿ ಗೂಡನ್ನು ಮಾತ್ರ ನೋಡಿ ಪಳಗಿದವನು ನಮ್ಮ ಮಿಶ್ರತಳಿಯ ಹಳದಿ ಗೂಡನ್ನು ಮೊದಲ ಸಲ ಕಂಡರೆ ಕಲೆಯೆಂದು ತಿಳಿದಾನು. ಹಾಗೆಯೇ ಪರದೇಶದ ಆಸ್ಪತ್ರೆಗಳ ದಾಖಲೆಗಳಿಂದ ಕಲಿತ ಯಂತ್ರ ನಮ್ಮ ಆಸ್ಪತ್ರೆಯ ಉಪಕರಣ, ನಮ್ಮ ಸೆಕೆಯಲ್ಲಿ ಬೆವರಿದ ತಲೆ, ನಮ್ಮಲ್ಲಿ ಹೆಚ್ಚಾಗಿರುವ ರೋಗಕಾರಣಗಳು ಇವುಗಳ ಮುಂದೆ ಎಡವಬಹುದು. ಇಲ್ಲಿಯ ಜನರಲ್ಲಿ ಪರೀಕ್ಷಿಸದೆ ಅದರ ಮಾತನ್ನು ಒಪ್ಪತಕ್ಕದ್ದಲ್ಲ.

ಒಂದು ಸುಲಭ ಲೆಕ್ಕ

ಯಂತ್ರ ಅಷ್ಟೊಂದು ಜಾಣನಾದರೆ ಊರಿನ ಎಲ್ಲರನ್ನೂ ಅದರ ಮುಂದೆ ಕೂರಿಸಿ ರೋಗಿಗಳನ್ನು ಪತ್ತೆಮಾಡಬಾರದೇಕೆ ಎಂದು ಕೇಳಬಹುದು. ಕಾಗದ ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕೋಣ.

ನೂರು ರೋಗಿಗಳಲ್ಲಿ 90 ಮಂದಿಯನ್ನು ಸರಿಯಾಗಿ ಹಿಡಿಯುವ, ರೋಗವಿಲ್ಲದ ನೂರು ಮಂದಿಯಲ್ಲಿ 90 ಮಂದಿಯನ್ನು ಸರಿಯಾಗಿ ಬಿಟ್ಟುಕೊಡುವ ಯಂತ್ರವೊಂದಿದೆಯೆಂದು ಭಾವಿಸೋಣ. ಸಾವಿರ ಜನರಿರುವ ಹಳ್ಳಿಯಲ್ಲಿ, ಮೇಲೆ ಹೇಳಿದ ಪ್ರಮಾಣದಂತೆ, ರೋಗಿಗಳು 12; ರೋಗವಿಲ್ಲದವರು 988. ಯಂತ್ರ 12ರಲ್ಲಿ ಸುಮಾರು 11 ಮಂದಿಯನ್ನು ಹಿಡಿಯುತ್ತದೆ. ಆದರೆ 988ರಲ್ಲಿ ಹತ್ತನೆಯ ಒಂದು ಪಾಲನ್ನು, ಎಂದರೆ ಸುಮಾರು 99 ಮಂದಿಯನ್ನು, ತಪ್ಪಾಗಿ ರೋಗಿಗಳೆನ್ನುತ್ತದೆ. ಬೆರಳು ತೋರಿಸಿದ್ದು 110 ಮಂದಿಯ ಕಡೆಗೆ. ನಿಜವಾದ ರೋಗಿಗಳು 11. ಹತ್ತರಲ್ಲಿ ಒಂಬತ್ತು ಸುಳ್ಳು!

ಇದೇ ಯಂತ್ರವನ್ನು, ಸೆಳವಿನ ಲಕ್ಷಣಗಳಿರುವುದರಿಂದ ವೈದ್ಯನೇ ಆರಿಸಿ ಕಳುಹಿಸಿದ ಸಾವಿರ ಮಂದಿಗೆ ಬಳಸಿ ನೋಡಿ. ಅವರಲ್ಲಿ 500 ಮಂದಿಗೆ ರೋಗವಿದೆಯೆಂದು ಇಟ್ಟುಕೊಂಡರೆ, ಸರಿಯಾಗಿ ಹಿಡಿದದ್ದು 450, ತಪ್ಪಾಗಿ ಹಿಡಿದದ್ದು 50. ಈಗ ಹತ್ತರಲ್ಲಿ ಒಂಬತ್ತು ನಿಜ! ಯಂತ್ರ ಅದೇ, ಅದರ ಜಾಣ್ಮೆಯೂ ಅದೇ. ಬದಲಾದುದು ಅದರ ಮುಂದೆ ಕೂತವರು ಮಾತ್ರ. ಅವರನ್ನು ಆರಿಸಿದುದು ರೋಗಿಯ ಮಾತನ್ನು ಕೇಳಿದ ವೈದ್ಯನ ವಿವೇಕ.

ತಪ್ಪು ಎರಡು ಕಡೆಯೂ ಕ್ರೂರವಾದುದು. ಚನ್ನಪಟ್ಟಣದ ಗೊಂಬೆ ಕೆಲಸಗಾರ ತಿರುಗುವ ಲೇತಿನ ಎದುರು ಉಳಿ ಹಿಡಿದು ಕೂತಿರುತ್ತಾನೆ. ರಾಮನಗರದಲ್ಲಿ ನೂಲು ಬಿಚ್ಚುವ ಹೆಂಗಸು ಬಿಸಿನೀರಿನ ತೊಟ್ಟಿಯ ಮುಂದೆ ನಿಂತಿರುತ್ತಾಳೆ. ಮಾಗಡಿಯ ರೈತ ಬಾವಿಯ ಕಟ್ಟೆಯ ಮೇಲೆ ಓಡಾಡುತ್ತಾನೆ. ಇವರಲ್ಲಿ ರೋಗವಿದ್ದವರನ್ನು ಇಲ್ಲವೆಂದು ಕಳುಹಿಸಿದರೆ ಒಂದು ಸೆಳವು ಕೈಯನ್ನೋ ಪ್ರಾಣವನ್ನೋ ತೆಗೆದೀತು. ಇಲ್ಲದವರಿಗೆ ಇದೆಯೆಂದರೆ ಕೆಲಸ ಹೋದೀತು, ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಾದೀತು, ಹೆಣ್ಣುಮಗಳಾದರೆ ಮದುವೆಯ ಮಾತು ಮುರಿದೀತು. ಹಿಂದೂ ವಿವಾಹ ಕಾಯಿದೆಯಲ್ಲಿ ವಿವಾಹಕ್ಕೆ ಅಡ್ಡಿಯಾಗಿದ್ದ ಅಪಸ್ಮಾರದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಜನರ ಮನಸ್ಸಿನಿಂದ ಅದಿನ್ನೂ ಪೂರ್ತಿಯಾಗಿ ಹೋಗಿಲ್ಲ.

ಹಂಡೆಯ ನೀರು ಕಲಿಸುವ ಪಾಠ

ದಾಖಲೆಯಲ್ಲಿ ಕುರುಹು ಇಲ್ಲದಿದ್ದರೆ ರೋಗವೇ ಇಲ್ಲವೆನ್ನಬಹುದೇ? ಇದಕ್ಕೆ ಉತ್ತರ ನಮ್ಮ ಬಚ್ಚಲಮನೆಯಲ್ಲಿಯೇ ಇದೆ. ಹಂಡೆಯಲ್ಲಿ ಕಾದ ನೀರನ್ನು ಚೆಂಬು ಚೆಂಬಾಗಿ ತಲೆಯ ಮೇಲೆ ಸುರಿದುಕೊಳ್ಳುವುದು ನಮ್ಮಲ್ಲಿ ರೂಢಿ. ಕೆಲವರಿಗೆ ಹೀಗೆ ಮೀಯುವಾಗಲೇ ಸೆಳವು ಬರುತ್ತದೆ. ನೀರಿನ ಶಾಖ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಂಟಿಗ್ರೇಡ್ ಇರುತ್ತದೆ. ಬೆಂಗಳೂರಿನ ನರವೈದ್ಯ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1960ರ ದಶಕದಿಂದ ಈ ರೋಗವನ್ನು ವರ್ಣಿಸಿದರು. ಬಳಿಕ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮೊದಲಾದವರು ವಿಸ್ತಾರವಾಗಿ ಅಭ್ಯಾಸ ಮಾಡಿದರು. ಪ್ರಪಂಚದಲ್ಲಿ ವಿರಳವಾದ ಈ ಬಿಸಿನೀರಿನ ಅಪಸ್ಮಾರ ದಕ್ಷಿಣ ಕರ್ನಾಟಕದಲ್ಲಿ ವಿರಳವಲ್ಲ.

ಇಂಥ ರೋಗಿಗಳಲ್ಲಿ ಬಹು ಮಂದಿಯ ವಿದ್ಯುಲ್ಲೇಖ ಮಿಕ್ಕ ವೇಳೆಯಲ್ಲಿ ಸಹಜವಾಗಿಯೇ ಇರುತ್ತದೆ. ಯಂತ್ರ ಎಷ್ಟು ಹುಡುಕಿದರೂ ಅಲ್ಲಿ ಇಲ್ಲದ ಮುಳ್ಳಲೆ ಅದಕ್ಕೆ ಸಿಕ್ಕದು. ರೋಗ ಗೊತ್ತಾಗುವುದು, “ನೀವು ಇದ್ದಾಗ ಇವನು ಏನು ಮಾಡುತ್ತಿದ್ದನಮ್ಮಾ?” ಎಂದು ವೈದ್ಯ ತಾಯಿಯನ್ನು ಕೇಳಿದಾಗ. ಇತರ ಬಗೆಯ ಅಪಸ್ಮಾರದಲ್ಲಿಯೂ ಮೊದಲ ಸಲದ ಸಾಮಾನ್ಯ ದಾಖಲೆಯಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಕುರುಹು ಕಾಣುವುದಿಲ್ಲ. ನಿದ್ರೆಯಲ್ಲಿ, ಅಥವಾ ಮತ್ತೊಮ್ಮೆ ದಾಖಲೆ ಮಾಡಿದಾಗ ಕಂಡೀತು. ಆದುದರಿಂದ ಅಪಸ್ಮಾರವನ್ನು ನಿರ್ಣಯಿಸುವುದು ಸೆಳವಿನ ವೃತ್ತಾಂತ. ವಿದ್ಯುಲ್ಲೇಖ ಅದಕ್ಕೆ ಸಾಕ್ಷಿ. ಯಂತ್ರ ಆ ಸಾಕ್ಷಿಯನ್ನು ಬೇಗ ಹುಡುಕಿಕೊಡುವ ಸಹಾಯಕ.

ನಮ್ಮ ಊರುಗಳಿಗೆ ಏನು ಪ್ರಯೋಜನ?

ಹಾಗಾದರೆ ಯಂತ್ರ ವ್ಯರ್ಥವೇ? ಎಂದಿಗೂ ಅಲ್ಲ. ಕನಕಪುರದಾಚೆಯ ಹಳ್ಳಿಯಿಂದ ಬೆಂಗಳೂರಿನ ಆಸ್ಪತ್ರೆಗೆ ಬಂದುಹೋಗಲು ಒಂದು ದಿನದ ಕೂಲಿ, ಇಬ್ಬರ ಬಸ್ಸಿನ ಖರ್ಚು ಬೇಕು. ತಾಲ್ಲೂಕಿನ ಆಸ್ಪತ್ರೆಯಲ್ಲಿಯೇ ವಿದ್ಯುಲ್ಲೇಖವನ್ನು ತೆಗೆದು ದೂರದ ತಜ್ಞನಿಗೆ ಕಳುಹಿಸುವ ಏರ್ಪಾಡಿದ್ದರೆ, ಯಂತ್ರ ನೂರು ದಾಖಲೆಗಳಲ್ಲಿ ತುರ್ತಾಗಿ ನೋಡಬೇಕಾದುವನ್ನು ಮೇಲಕ್ಕೆ ಎತ್ತಿಡಬಹುದು. ಸಂದೇಹದ ಪುಟಗಳಿಗೆ ಗುರುತು ಹಾಕಬಹುದು. ತಜ್ಞನು ಒಂದು ಗಂಟೆಯಲ್ಲಿ ಮಾಡುವ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿದು, ಉಳಿದ ವೇಳೆ ರೋಗಿಯ ಮಾತಿಗೆ ದೊರೆತೀತು.

ಪತ್ತೆಯಾದ ಮೇಲೆ ಬೇಕಾದ ಔಷಧವೂ ಕೈಗೆಟುಕದುದಲ್ಲ. ಡಾ. ಮಣಿಯವರು ಯಳಂದೂರಿನಲ್ಲಿ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನ, ಫಿನೊಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಗಳಲ್ಲಿ ಸೆಳವನ್ನು ಹತೋಟಿಗೆ ತರಬಹುದೆಂಬುದನ್ನು ತೋರಿಸಿತು. 2022ರಲ್ಲಿ ಕರ್ನಾಟಕ ಸರ್ಕಾರವು ನಿಮ್ಹಾನ್ಸಿನೊಡನೆ ಆರಂಭಿಸಿದ ಮಿದುಳು ಆರೋಗ್ಯ ಯೋಜನೆಯ ಉದ್ದೇಶಗಳಲ್ಲಿ ಪ್ರಾಥಮಿಕ ಹಂತದ ವೈದ್ಯರಿಗೆ ಅಪಸ್ಮಾರ ಮುಂತಾದ ರೋಗಗಳ ಚಿಕಿತ್ಸೆಯಲ್ಲಿ ತರಬೇತಿ ಕೊಡುವುದೂ ಒಂದು. ಇಂಥ ವೈದ್ಯನ ಕೈಯಲ್ಲಿ ಯಂತ್ರ ಒಳ್ಳೆಯ ಉಪಕರಣ. ವೈದ್ಯನೇ ಇಲ್ಲದ ಕಡೆ ಅದು ಗಾಬರಿ ಹುಟ್ಟಿಸುವ ಪೆಟ್ಟಿಗೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಒಂದುಂಟು. ಶಾಲೆಯಲ್ಲೋ ಬಸ್ ನಿಲ್ದಾಣದಲ್ಲೋ ಯಾರಿಗಾದರೂ ಸೆಳವು ಬಂದರೆ ಕೈಗೆ ಕಬ್ಬಿಣವನ್ನು ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಇವೆಲ್ಲ ನಿರರ್ಥಕ, ಕಡೆಯದು ಅಪಾಯಕರ. ಸುತ್ತಲ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತಗಿನದನ್ನು ಇಟ್ಟು, ಒದ್ದಾಟ ತಗ್ಗಿದೊಡನೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೈಕಾಲನ್ನು ಅದುಮಿ ಹಿಡಿಯಬಾರದು. ಗಡಿಯಾರವನ್ನು ನೋಡಬೇಕು, ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಸೆಳವು ಯಾವ ಕಡೆಯಿಂದ ಆರಂಭವಾಯಿತು, ಕಣ್ಣು ಎತ್ತ ತಿರುಗಿತ್ತು, ಎಷ್ಟು ಹೊತ್ತು ಇದ್ದಿತು, ಅದಕ್ಕೆ ಮುಂಚೆ ಏನು ನಡೆದಿತ್ತು ಎಂಬುದನ್ನು ಗಮನಿಸಿ, ಜೊತೆಗಿರುವವರಿಗೆ ತಿಳಿಸಬೇಕು. ಆ ನಾಲ್ಕು ಮಾತುಗಳು 58 ಲಕ್ಷ ಅಂಕಿಗಳಲ್ಲಿ ಎಲ್ಲಿಯೂ ದೊರೆಯುವುದಿಲ್ಲ. ವೈದ್ಯನು ಮೊದಲು ಕೇಳುವುದು ಅವನ್ನೇ.